ದೇಸೂರ ದಾಟುವುದರೊಳಗೆ

ದೇಸೂರ ಸ್ಟೇಷನ್ ದಾಟುವುದರೊಳಗೆ ತೆರೆಯದ ವೆಬ್‌ಸೈಟನ್ನು ಕಾಕಾ ವೆಬ್‌ಸೈಟ್ ಎಂದೇ ಒಪ್ಪುತ್ತಿರಲಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ದಿನಾ ಸಂಜೆ ಪ್ಯಾಸೆಂಜರ್ ಗಾಡಿಯಲ್ಲಿ ಮನೆಗೆ ಹೋಗುವ, ನಮ್ಮ ಆಫೀಸಿನ ಹಿರಿಯರು ಅವರು. ಗಾಡಿ ದೇಸೂರಿಗೆ ಬರುವ ಹೊತ್ತಿಗೆ ಫೋನಿನ ಸಿಗ್ನಲ್ ಸಣ್ಣಗಾಗುತ್ತ ಬಂದು, ಆಮೇಲೆ ಖಾನಾಪುರ ಹತ್ತಿರವಾಗುವ ತನಕ ಅದರ ಪತ್ತೆಯೇ ಇರುತ್ತಿರಲಿಲ್ಲ. ನಾವು ಬೆಳಗಾವಿಯ ಟಿಳಕವಾಡಿಯಲ್ಲಿದ್ದ ಆಫೀಸಿನಲ್ಲಿ ಹೊಸ ಸೈಟ್ ಮುಗಿಸಿ, ದೊಡ್ಡ ಪರದೆಯ ಮೇಲೆ ಅದರ ಚೆಂದ ನೋಡಿ ಹಿಗ್ಗುತ್ತ ಕೂತಿರುವಾಗ, ಅವರು ಗಾಜು ಬಿರುಕು ಬಿಟ್ಟ ತಮ್ಮ ಹಳೇ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಏಳುತ್ತಿದ್ದರು.

"ದೇಸೂರ ಏನ್ ಅಂತೈತಿ ಕೇಳಿಕೊಂಡ್ ಬರ್ತೀನಿ ತಡೀರಿ."

ಮರುದಿನ ಬೆಳಿಗ್ಗೆ ತೀರ್ಪು. ಒಂದೋ "ಪಾಸ್", ಇಲ್ಲವೋ "ದೇಸೂರದಾಗ ಸತ್ತತಿ". ಸತ್ತಿದ್ದರೆ ಕಾರಣ ಬಹುತೇಕ ಫೋಟೋಗಳೇ. ಗಿರಾಕಿ ಕೊಟ್ಟ ದೊಡ್ಡ ದೊಡ್ಡ ಫೋಟೋಗಳನ್ನು ಇದ್ದ ಹಾಗೇ ಏರಿಸಿಬಿಟ್ಟಿರುತ್ತಿದ್ದೆವು. ಕಾಕಾ ಬಂದವರೇ ಚಹಾ ಕೂಡ ಕುಡಿಯದೆ ಅವನ್ನು ಒಂದೊಂದಾಗಿ ಸಣ್ಣದು ಮಾಡುತ್ತ ಕೂರುತ್ತಿದ್ದರು.

ಕಾಕಾ ಹೋಗಿ ಈಗ ಒಂದೂವರೆ ತಿಂಗಳು. ಅವರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಮಾಡಿದ ಯಾವ ಸೈಟಿನ ಅಡಿಯಲ್ಲೂ ಅವರು ತಮ್ಮ ಹೆಸರು ಹಾಕಿಕೊಂಡವರಲ್ಲ. "ಬೋರ್ಡ್ ಬರದಾಂವ ತನ್ನ ಹೆಸರ ಅಂಗಡಿಕಾರನ ಹೆಸರಿಗಿಂತ ಸಣ್ಣದ ಬರೀಬೇಕು. ಭಾಳ ಚಲೋ ಪೇಂಟರ್ ಇದ್ರ ಬರಿಯೂದ ಇಲ್ಲ" ಎನ್ನುತ್ತಿದ್ದರು.

ಅವರು ಮೊದಲು ಬೋರ್ಡ್ ಬರೆಯುತ್ತಿದ್ದವರೇ. ಖಾನಾಪುರದ ಅಂಗಡಿಗಳಿಗೆ, ಶಾಲೆಗಳಿಗೆ, ಹಿಟ್ಟಿನ ಗಿರಣಿಗಳಿಗೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬೋರ್ಡ್ ಬರೆದ ಕೈ. ಬಣ್ಣದ ಡಬ್ಬಿಯ ಕಾಲ ಮುಗಿದಾಗ ಕಂಪ್ಯೂಟರ್ ಕಲಿತರು, ಲಗ್ನಪತ್ರಿಕೆ ಮಾಡಿದರು, ಅಲ್ಲಿಂದ ವೆಬ್‌ಸೈಟಿಗೆ ಬಂದರು. ನಾನು ಡಿಗ್ರಿ ಮುಗಿಸಿ ಆ ಆಫೀಸಿಗೆ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಕಂಪ್ಯೂಟರ್ ಸೈನ್ಸ್ ಓದಿ ಬಂದ ನನಗೆ ಒಬ್ಬ ಪೇಂಟರ್ ಏನು ಕಲಿಸುತ್ತಾನೆ ಎಂಬ ಕೊಬ್ಬಿತ್ತು. ಮೊದಲ ವಾರವೇ ಅದು ಇಳಿಯಿತು.

ನಾನು ಮಾಡಿದ ಮೊದಲ ಪುಟದಲ್ಲಿ ಬಟನ್ನುಗಳ ಮೇಲೆ ಕನ್ನಡ ಅಕ್ಷರ ಹಾಕಿದ್ದೆ. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದ ಬಟನ್ನುಗಳಲ್ಲಿ ಕನ್ನಡದ ಒತ್ತಕ್ಷರಗಳು ಅರ್ಧ ಕತ್ತರಿಸಿ ಹೋಗಿದ್ದವು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಕಾಕಾ ಕುರ್ಚಿ ಎಳೆದುಕೊಂಡು ಬಂದು ಕೂತರು.

"ಇಂಗ್ಲಿಷ್ ಅಕ್ಷರ ಬೆಂಚಿನ ಮ್ಯಾಲ ಕಾಲ್ ಮಡಚಿ ಕುಂದರತಾವು. ನಮ್ಮವು ಕಾಲ್ ಇಳಿಬಿಟ್ಟ ಕುಂದರೂವು. ಮರಾಠಿಗೆ ತಲಿ ಮ್ಯಾಲ ಜಾಗಾ ಬೇಕು, ನಮಗ ಕಾಲ ಕೆಳಗ ಬೇಕು. ಸಾಲಿನ ಎತ್ತರ ಹೆಚ್ಚ ಮಾಡು. ಮತ್ತ ಬಟನ್ನಿಗೆ ಇಷ್ಟ ಎತ್ತರ ಅಂತ ಗಟ್ಟಿ ಅಳತಿ ಕೊಡಬ್ಯಾಡ. ಒಳಗ ಅಕ್ಷರ ಎಷ್ಟ ಬೆಳಿತಾವ ಅಷ್ಟ ಅದೂ ಬೆಳೀಲಿ."

ಆಮೇಲೆ ತಮ್ಮ ಹೆಬ್ಬೆರಳನ್ನು ಪರದೆಗೆ ಹಚ್ಚಿ ಹಿಡಿದರು. ಬ್ರಷ್ ಹಿಡಿದು ಹಿಡಿದು ದಪ್ಪಗಾದ ಹೆಬ್ಬೆರಳು ಅದು. ಅದರಡಿಯಲ್ಲಿ ನನ್ನ ಎರಡು ಬಟನ್ನುಗಳು ಒಟ್ಟಿಗೆ ಮುಚ್ಚಿಹೋದವು. "ಇದು ಹೊಲದಾಗ ನಿಂತ ಮನಷ್ಯಾನ ಬಟ್ಟು. ಒಂದ ಒತ್ತಾಕ ಹೋದ್ರ ಎರಡ ಒತ್ತತೈತಿ. ನಿನ್ನ ಕಿರುಬೆರಳಿಗೆ ಅಳತಿ ಮಾಡಬ್ಯಾಡವಾ." ಇವತ್ತಿಗೂ ಯಾವ ಬಟನ್ ಮಾಡಿದರೂ ನಾನು ಮನಸ್ಸಿನಲ್ಲೇ ಆ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ನೋಡುತ್ತೇನೆ.

ಕೋಡಿನಲ್ಲಿ 'ಎಡ', 'ಬಲ' ಎಂದು ಬರೆಯಲು ಅವರು ಬಿಡುತ್ತಿರಲಿಲ್ಲ. 'ಆರಂಭ', 'ಅಂತ್ಯ' ಎಂದು ಬರೆಯುವ ಪದ್ಧತಿ ಇದೆ. ಹಾಗೆ ಬರೆದರೆ ಉರ್ದು ಪುಟ ಬಲದಿಂದ ಶುರುವಾದಾಗ ಎಲ್ಲವೂ ತಾನಾಗಿ ಮಗ್ಗುಲು ಬದಲಿಸುತ್ತದೆ. ಯಾವ ಗಿರಾಕಿಯೂ ಉರ್ದು ಪುಟ ಕೇಳದಿದ್ದ ದಿನಗಳಲ್ಲೂ ಅವರದು ಇದೇ ಹಟ. "ಯಾರೂ ಕೇಳಿಲ್ಲಲ್ರಿ ಕಾಕಾ" ಎಂದರೆ, "ಈ ಊರಾಗ ಮೂರು ನಮೂನಿ ಓದೂ ಮಂದಿ ಅದಾರ. ಇವತ್ತ ಕೇಳಿಲ್ಲ ಅಂದ್ರ ನಾಳೆ ಬರೂದುಲ್ಲ ಅಂತ ಅಲ್ಲ" ಎನ್ನುತ್ತಿದ್ದರು.

ಸ್ವಭಾವ ಮಾತ್ರ ಸರಳವಾಗಿರಲಿಲ್ಲ. ಗಿರಾಕಿಗಳ ಎದುರಿಗೇ ವಾದಕ್ಕೆ ನಿಲ್ಲುವರು. ಒಬ್ಬ ಕುಂದಾ ವ್ಯಾಪಾರಿ ತನ್ನ ಸೈಟಿನ ತಲೆಯ ಮೇಲೆ ಐದು ಫೋಟೋಗಳು ಒಂದರ ಹಿಂದೊಂದು ಓಡಬೇಕು ಎಂದು ಕೇಳಿದ. ಕಾಕಾ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಅದನ್ನು ತೆಗೆದಿಟ್ಟರೆಂದರೆ ಜಗಳ ಶುರು ಎಂದು ನಮಗೆಲ್ಲ ಗೊತ್ತಿತ್ತು. "ಕುಂದಾ ತಿನ್ನೂದೈತೋ, ಬೆನ್ನ ಹತ್ತಿ ಹಿಡಿಯೂದೈತೋ? ಓಡೂದನ್ನ ಯಾರ್ ಓದತಾರ್ರಿ?" ಆ ಗಿರಾಕಿ ನಗುತ್ತಲೇ ಎದ್ದು ಹೋದ, ಮತ್ತೆ ಬರಲಿಲ್ಲ. ನಮ್ಮ ಆಫೀಸಿನ ಸಾಹೇಬರು ಇಂಥವನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಅವರ ಇನ್ನೊಂದು ಹುಚ್ಚು ಎಂದರೆ ಯಾಕ ಫೈಲು. ನಾವು ಮಾಡುವ ಪ್ರತಿ ಸೈಟಿನ ಕಡತಗಳ ನಡುವೆ ಅವರು ಒಂದು ಸಾದಾ ಅಕ್ಷರದ ಫೈಲ್ ಇಡುತ್ತಿದ್ದರು. ಅದರ ಹೆಸರೇ 'ಯಾಕ'. ಸೈಟಿನ ವಿಳಾಸದ ಮುಂದೆ ಆ ಹೆಸರು ಹಾಕಿದರೆ ಫೋನಿನಲ್ಲೂ ತೆರೆಯುತ್ತಿತ್ತು. ಏನು ಮಾಡಿದ್ದೇವೆ ಎಂದು ಕೋಡೇ ಹೇಳುತ್ತದೆ, ಯಾಕೆ ಮಾಡಿದೆವು ಎಂದು ಅದು ಹೇಳುವುದಿಲ್ಲ. ಅದನ್ನು ನಾವೇ ಬರೆದಿಡಬೇಕು ಎಂಬುದು ಅವರ ಮತ. 'ಈ ಪಟ್ಟಿಗೆ ತಿಳಿ ಹಳದಿ ಬಣ್ಣ ಬೇಡ ಎಂದೆವು, ಯಾಕೆಂದರೆ ಬಿಸಿಲಿನಲ್ಲಿ ಕಾಣುವುದಿಲ್ಲ.' 'ಫೋನ್ ನಂಬರನ್ನು ಚಿತ್ರವಾಗಿ ಹಾಕಿಲ್ಲ, ಯಾಕೆಂದರೆ ಚಿತ್ರವನ್ನು ಒತ್ತಿದರೆ ಫೋನ್ ಹೋಗುವುದಿಲ್ಲ.' ಇಂಥ ಸಾಲುಗಳು. ಅದಕ್ಕೊಂದು ನಿಯಮವೂ ಇತ್ತು. ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ಕಾರಣ ಒಪ್ಪಿಗೆಯಾಗದಿದ್ದರೆ ಅದರ ಕೆಳಗೆ ನಿಮ್ಮ ಮಾತು ಬರೆಯಬೇಕು. ಆಫೀಸಿನ ಉಳಿದವರಿಗೆಲ್ಲ ಇದು ನಗೆಯ ವಿಷಯ. ನಾನೂ ನಕ್ಕವಳೇ. ಓದುತ್ತಿದ್ದವರು, ಬರೆಯುತ್ತಿದ್ದವರು ಅವರೊಬ್ಬರೇ.

ಒಂದು ಸಂಜೆ ನಾನು ಖಾನಾಪುರದಲ್ಲಿ ಗೆಳತಿಯ ಮನೆಗೆ ಹೋಗುವುದಿತ್ತು. ಗಾಡಿಯಲ್ಲಿ ಕಾಕಾನ ಎದುರಿಗೇ ಕೂತಿದ್ದೆ. ವೆಬ್‌ಸೈಟಿಗೆ ಥೀಮ್ ಎಂಬುದೊಂದು ಇರುತ್ತದೆ: ಬಣ್ಣ, ಅಕ್ಷರ, ಪುಟದ ವಿನ್ಯಾಸ ಎಲ್ಲ ಸಿದ್ಧವಾಗಿ ಬರುವ ಉಡುಪು. ಬೇರೆ ಯಾರೋ ಹೊಲಿದದ್ದನ್ನು ತಂದು ನಾವು ನಮ್ಮ ಗಿರಾಕಿಗೆ ತಕ್ಕಂತೆ ಬದಲಿಸಿಕೊಳ್ಳುತ್ತೇವೆ. ಆದರೆ ಆ ಬದಲಾವಣೆಗಳನ್ನು ಮೂಲ ಥೀಮಿನ ಒಳಗೆ ಮಾಡಬಾರದು. ಅದರ ಬಗಲಿಗೆ ಒಂದು ಮರಿ ಥೀಮ್ ಮಾಡಿಕೊಂಡು ಅಲ್ಲಿ ಮಾಡಬೇಕು. ಇದು ಇಮ್ಮಡಿ ಕೆಲಸ ಎಂದು ನಾನು ಗೊಣಗುತ್ತಿದ್ದೆ.

"ಮೂಲ ಥೀಮ್ ಅಂದ್ರ ಬಾಡಿಗಿ ಮನಿ ನೋಡವಾ" ಎಂದರು ಕಾಕಾ. ಕಿಟಕಿಯ ಪಕ್ಕದ ಹಲಗೆಯ ಮೇಲೆ ಮುಷ್ಟಿಯಿಂದ ಮೊಳೆ ಹೊಡೆದು ತೋರಿಸಿದರು. "ಮಾಲಕನ ಗ್ವಾಡಿಗೆ ಮೊಳಿ ಹೊಡದು ನೀ ಕ್ಯಾಲೆಂಡರ್ ಹಾಕತಿ. ದೀಪಾವಳಿಗೆ ಅಂವಾ ಸುಣ್ಣಾ ಹಚ್ಚಾಕ ಬರತಾನ. ನಿನ್ನ ಮೊಳಿ ಕಿತ್ತ ಒಗದು ಗ್ವಾಡಿ ಹೊಸಾದ ಮಾಡತಾನ. ಅಂವನ್ದೇನ್ ತಪ್ಪಿಲ್ಲ, ಗ್ವಾಡಿ ಅಂವನ್ದು. ಥೀಮ್ ಮಾಡಿದವ್ರು ಹೊಸ ಆವೃತ್ತಿ ಕಳಿಸಿದ್ರಂದ್ರ ನೀ ಅದ್ರಾಗ ಬರದದ್ದೆಲ್ಲಾ ಹೋತು. ಮರಿ ಥೀಮ್ ಅಂದ್ರ ನಿನ್ನ ಸ್ವಂತ ಟ್ರಂಕು. ಅದನ್ನ ಯಾರೂ ಮುಟ್ಟೂದುಲ್ಲ. ತಿಳೀತೋ ಇಲ್ಲೋ?"

"ತಿಳೀತ್ರಿ" ಎಂದೆ. ತಿಳಿದೂ ಇತ್ತು.

ಆ ವರ್ಷ ಊರ ಹೊರಗಿನ ಒಂದು ಹೆಣ್ಣುಮಕ್ಕಳ ವಸತಿ ನಿಲಯದ ಸೈಟ್ ನಮ್ಮ ಕೈಗೆ ಬಂತು. ಮೂರು ಭಾಷೆಯ ಪುಟಗಳು. ಯಾರಿಗೆ ಸೀಟು ಸಿಕ್ಕಿದೆ ಎಂಬ ಪಟ್ಟಿ ಮೂರರಲ್ಲೂ ಬರಬೇಕು. ತಮ್ಮ ಹಟ ಕಡೆಗೂ ಕೆಲಸಕ್ಕೆ ಬಂತು ಎಂದು ಕಾಕಾ ಮೀಸೆಯಲ್ಲೇ ನಗುತ್ತಿದ್ದರು. ಮೊದಲ ಪಟ್ಟಿಯ ಹಿಂದಿನ ದಿನ ಅವರಿಗೆ ಜ್ವರ, ರಜೆ ಹಾಕಿದ್ದರು. ಮಧ್ಯಾಹ್ನ ನಿಲಯದಿಂದ ಫೋನ್ ಬಂತು: ಉರ್ದು ಪುಟದಲ್ಲಿ ಪಟ್ಟಿ ಉದ್ದವಾದರೆ ಕಾಣುತ್ತಿಲ್ಲ, ಸಂಜೆಯೊಳಗೆ ಸರಿ ಮಾಡಿಕೊಡಿ.

ಸರಿಯಾದ ದಾರಿ ನನಗೆ ಗೊತ್ತಿತ್ತು. ಮರಿ ಥೀಮಿನಲ್ಲಿ ಮಾಡಬೇಕು, ಮೊದಲು ಅಭ್ಯಾಸದ ಪ್ರತಿಯಲ್ಲಿ ಪರೀಕ್ಷಿಸಬೇಕು, ಆಮೇಲೆ ನಡೆಯುತ್ತಿರುವ ಸೈಟಿಗೆ ಹಾಕಬೇಕು. ಅದಕ್ಕೆ ಎರಡು ತಾಸು ಬೇಕು. ನನಗೆ ಆ ಸಂಜೆ ಒಂದು ನಿಶ್ಚಿತಾರ್ಥಕ್ಕೆ ಹೋಗುವುದಿತ್ತು. ನಡೆಯುತ್ತಿದ್ದ ಸೈಟಿನಲ್ಲೇ ಮೂಲ ಥೀಮಿನ ಫೈಲ್ ತೆರೆದು ಹನ್ನೆರಡು ಸಾಲು ಬರೆದೆ. ಹತ್ತೇ ನಿಮಿಷ. ಪಟ್ಟಿ ಕಾಣಿಸಿತು. ನಾಳೆ ಸರಿಯಾಗಿ ಮಾಡಿದರಾಯಿತು ಎಂದು ಸೀರೆ ಉಡಲು ಮನೆಗೆ ಓಡಿದೆ.

ಆ ನಾಳೆ ಬರಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ದಿನಕ್ಕೊಮ್ಮೆ ನೆನಪಾಗುತ್ತಿತ್ತು. ಕಾಕಾನಿಗೆ ಹೇಳಿದರೆ ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಾರಲ್ಲ ಎಂದು ಹೇಳದೆ ಉಳಿದೆ.

ಮೂರು ವಾರದ ಮೇಲೆ ಕೊನೆಯ ಪಟ್ಟಿಯ ದಿನ. ಹಿಂದಿನ ದಿನವಷ್ಟೇ ಆ ಥೀಮ್ ಮಾಡಿದವರು ಒಂದು ಭದ್ರತೆಯ ದೋಷ ತಿದ್ದಿ ಹೊಸ ಆವೃತ್ತಿ ಕಳಿಸಿದ್ದರು. ಹಾಗೇ ಬಿಟ್ಟರೆ ಯಾರಾದರೂ ಒಳನುಗ್ಗಬಹುದು. ಕಾಕಾ ತಮ್ಮ ಪದ್ಧತಿಯಂತೆ ಅದನ್ನು ಅಭ್ಯಾಸದ ಪ್ರತಿಯಲ್ಲಿ ಹಾಕಿ ಮೂರೂ ಭಾಷೆಯ ಪುಟ ನೋಡಿದರು. ಎಲ್ಲ ಸರಿ ಇತ್ತು. ಸರಿಯಿರದೆ ಏನು, ಆ ಪ್ರತಿಯಲ್ಲಿದ್ದದ್ದು ಪರೀಕ್ಷೆಗೆಂದು ಹಾಕಿದ ನಾಲ್ಕು ಹೆಸರಿನ ಸಣ್ಣ ಪಟ್ಟಿ, ಅದಕ್ಕೆ ನನ್ನ ಹನ್ನೆರಡು ಸಾಲಿನ ಅಗತ್ಯವೇ ಬೀಳುತ್ತಿರಲಿಲ್ಲ. ನಡೆಯುತ್ತಿದ್ದ ಸೈಟಿನ ನಕಲು ತೆಗೆದಿಟ್ಟು, ಬೆಳಿಗ್ಗೆ ಅದಕ್ಕೆ ಹೊಸ ಆವೃತ್ತಿ ಹಾಕುವ ಬಟನ್ ಒತ್ತಿದರು. ಮಾಲೀಕ ಸುಣ್ಣ ಹಚ್ಚಿದ. ನನ್ನ ಮೊಳೆ ಕಿತ್ತುಹೋಯಿತು.

ಹನ್ನೆರಡು ಗಂಟೆಗೆ ನಿಲಯದ ಕಾರ್ಯದರ್ಶಿ ನಮ್ಮ ಆಫೀಸಿಗೇ ಬಂದರು. ಜೊತೆಗೆ ಬಳೆ ವ್ಯಾಪಾರದ ಒಬ್ಬ ಹಿರಿಯರು. ಅವರ ಫೋನಿನಲ್ಲಿ ಉರ್ದು ಪುಟ ತೆರೆದಿತ್ತು. ಪಟ್ಟಿಯ ಜಾಗದಲ್ಲಿ ಬರೀ ಬಿಳಿ ಚೌಕ.

"ನಮ್ಮ ಬೇಟಿ ಮುಂಜಾನಿಂದ ಅಳಾಕತ್ಯಾಳ ಸಾಬ್. ಕನ್ನಡದಾಗ ಆಕಿ ಹೆಸರ ಐತಿ ಅಂತಾರ, ಉರ್ದುದಾಗ ಇಲ್ಲ. ಯಾವುದು ಖರೇ?"

ಕಾಕಾ ಅವರನ್ನು ಕೂರಿಸಿ ನೀರು ಕೊಟ್ಟರು. "ಹೆಸರ ಐತ್ರಿ ಚಾಚಾ. ನಿಮ್ಮ ಮಗಳಿಗೆ ಸೀಟ್ ಐತಿ. ತಪ್ಪು ನಮ್ಮದು." ಆಮೇಲೆ ತೆಗೆದಿಟ್ಟ ನಕಲನ್ನೂ ಹೊಸ ಪ್ರತಿಯನ್ನೂ ಪಕ್ಕಪಕ್ಕ ತೆರೆದು ಸಾಲು ಸಾಲು ಹೋಲಿಸಿದರು. ನನ್ನ ಹನ್ನೆರಡು ಸಾಲು ಪರದೆಯ ಮೇಲೆ ಕೆಂಪಗೆ ಎದ್ದು ನಿಂತವು. ಬರೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಕಾಕಾ ತಿರುಗಿ ನನ್ನನ್ನು ಒಮ್ಮೆ ನೋಡಿದರು. ಕನ್ನಡಕ ತೆಗೆಯಲಿಲ್ಲ. ಪರದೆ ಮುಚ್ಚಿ ಕೆಲಸಕ್ಕೆ ಕೂತರು. ಎರಡು ಗಂಟೆಯೊಳಗೆ ಎಲ್ಲ ಮೊದಲಿನಂತಾಯಿತು.

ಯಾವ ಹುಡುಗಿಯ ಸೀಟೂ ಹೋಗಲಿಲ್ಲ. ಆದರೆ ನಿಲಯದವರು ತಮ್ಮ ಕೆಲಸವನ್ನು ನಮ್ಮಿಂದ ಹಿಂದಕ್ಕೆ ತೆಗೆದುಕೊಂಡರು. ಮರುದಿನ ಸಾಹೇಬರು ಎಲ್ಲರನ್ನೂ ಒಳಗೆ ಕರೆದು ಕೇಳಿದರು, "ಇದನ್ನ ಮಾಡಿದ್ದ ಯಾರು?"

ಕಾಕಾ ಹೇಳಿದರು, "ಬಟನ್ ಒತ್ತಿದಾಂವ ನಾನ್ರಿ."

ಸುಳ್ಳಲ್ಲ. ಬಟನ್ ಒತ್ತಿದ್ದು ಅವರೇ. ನಾನು ಅವರ ಬಾಜೂ ಕುರ್ಚಿಯಲ್ಲಿದ್ದೆ. ಬಾಯಿ ತೆರೆದರೆ ಸಾಕಿತ್ತು. ಹೊಸ ಕೆಲಸವೊಂದಕ್ಕೆ ನನ್ನನ್ನು ಮುಖ್ಯಸ್ಥೆ ಮಾಡುವ ಮಾತು ಆ ವಾರವೇ ನಡೆದಿತ್ತು. ನೆಲ ನೋಡುತ್ತ ಕೂತೆ. ಅಷ್ಟು ಹೇಡಿ ನಾನು ಎಂದು ಅಲ್ಲಿಯತನಕ ನನಗೇ ಗೊತ್ತಿರಲಿಲ್ಲ. ಸಾಹೇಬರಿಗೆ ಕುಂದಾ ವ್ಯಾಪಾರಿಯೂ ನೆನಪಾದ, ಇನ್ನೂ ಏನೇನೋ ನೆನಪಾಯಿತು. ತಿಂಗಳ ಕೊನೆಗೆ ಕಾಕಾ ಕೆಲಸ ಬಿಟ್ಟರು.

ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು, "ವಸತಿ ನಿಲಯದ ಯಾಕ ಫೈಲ್ ಒಂದ್ಸಲ ಓದವಾ" ಎಂದರು. ಯಾವಾಗಲೂ ಹೇಳುವ ಮಾತು ಎಂದುಕೊಂಡು ತಲೆ ಅಲ್ಲಾಡಿಸಿದೆ. ನಿಜವೆಂದರೆ ಆ ಸೈಟಿನ ಕಡೆ ತಲೆ ಹಾಕುವ ಧೈರ್ಯವೇ ನನಗೆ ಇರಲಿಲ್ಲ.

ಖಾನಾಪುರದಲ್ಲಿ ಅವರು ಸಣ್ಣ ಅಂಗಡಿ ಹಾಕಿದರು: ಝೆರಾಕ್ಸು, ಅರ್ಜಿ ತುಂಬುವುದು, ಯಾರಾದರೂ ಕೇಳಿದರೆ ಕೈಯಲ್ಲೇ ಬೋರ್ಡು. ಒಮ್ಮೆ ಗೋವಾ ಕಡೆಯ ಬಸ್ಸಿನಲ್ಲಿ ಹೋಗುವಾಗ ಆ ಅಂಗಡಿ ಕಂಡಿತು. ಒಳಗೆ ಬಗ್ಗಿ ಏನೋ ಬರೆಯುತ್ತಿದ್ದರು. ಬಸ್ಸು ಐದು ನಿಮಿಷ ನಿಂತಿತ್ತು. ನಾನು ಇಳಿಯಲಿಲ್ಲ.

ಇನ್ನೊಮ್ಮೆ ಟಿಳಕವಾಡಿಯ ರೈಲ್ವೆ ಗೇಟ್ ಹಾಕಿದಾಗ ಪಕ್ಕದಲ್ಲೇ ಕಾಕಾ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅವರೇ ಮಾತಾಡಿಸಿದರು.

"ಅರಾಮದಿಯಾ? ನಿಂದು ಹೊಸಾ ಸೈಟ್ ನೋಡಿದೆ. ಅಕ್ಷರ ಚಲೋ ಕುಂತಾವು. ಫೋಟೋ ಮಾತ್ರ ಭಾಳ ವಜ್ಜೆ ಅದಾವ, ದೇಸೂರದಾಗ ದಮ್ಮು ಹತ್ತತೈತಿ."

ನಕ್ಕೆವು. ಗೂಡ್ಸ್ ಗಾಡಿ ಡಬ್ಬಿಯ ಹಿಂದೆ ಡಬ್ಬಿ ಹೋಗುತ್ತಲೇ ಇತ್ತು. ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡುತ್ತಿದ್ದೆ.

"ಆ ಯಾಕ ಫೈಲ್ ಓದಿದಿ?" ಎಂದು ಕೇಳಿದರು.

"ಓದಿನ್ರಿ ಕಾಕಾ."

ಯಾಕೆ ಹಾಗೆ ಅಂದೆನೋ. ಅವರ ಮನಸ್ಸು ನೋಯಿಸಬಾರದು ಎಂದು, ಮಾತು ಬೇಗ ಮುಗಿಯಲಿ ಎಂದು. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತ ನಿಂತರು, ಇನ್ನೂ ಏನೋ ಬರುತ್ತದೆ ಎಂಬಂತೆ. ಆಮೇಲೆ "ಹೂಂ, ಓದಿದ್ರ ಆತು" ಎಂದರು. ಗೇಟ್ ಎದ್ದಿತು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಸಿಕ್ಕಿತು. ಮೊನ್ನೆ ಭಾನುವಾರ ಖಾನಾಪುರಕ್ಕೆ ಹೋದೆ. ಅವರ ಹೆಂಡತಿ ಬಾಗಿಲಿಗೆ ಬಂದು ನನ್ನ ಹೆಸರು ಕೇಳಿದ ಕೂಡಲೇ ಗುರುತು ಹಿಡಿದರು. "ಒಳಗ ಬರ್ರಿ, ಕುಂದರ್ರಿ. ನಿಮ್ಮ ಬಗ್ಗೆ ಭಾಳ ಹೇಳಾವ್ರು. ಆಕಿ ಕೈ ಚಲೋ ಐತಿ ಅನ್ನಾವ್ರು."

ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅಷ್ಟರಲ್ಲಿ ಅವರೇ ಮಾತು ಮುಂದುವರಿಸಿದರು.

"ಒಂದಿನ ಬೆಳಗಾವಿಯಿಂದ ಬಂದವ್ರ, ಆಕಿ ಆ ಫೈಲ್ ಓದ್ಯಾಳಂತ ಅಂದ್ರು. ಆಮ್ಯಾಲ ಆಗಾಗ ಫೋನ್ ತಗದು ಅದನ್ನ ನೋಡತಿದ್ರು. ಏನೈತ್ರಿ ಅದ್ರಾಗ ಅಂದ್ರ, 'ಏನಿಲ್ಲ, ಇನ್ನೂ ಹಂಗ ಐತಿ' ಅನ್ನಾವ್ರು. ಏನಿತ್ತವಾ ಅದ್ರಾಗ?"

"ಕೆಲಸದ್ದರಿ" ಎಂದೆ. ಅವರು ಕೊಟ್ಟ ಚಹಾ ಕುಡಿದು ಎದ್ದೆ.

ಸಂಜೆಯ ಗಾಡಿ ಖಾನಾಪುರ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಫೋನಿನಲ್ಲಿ ವಸತಿ ನಿಲಯದ ಸೈಟಿನ ವಿಳಾಸದ ಮುಂದೆ ಆ ಫೈಲಿನ ಹೆಸರು ಬರೆದು ಒತ್ತಿದೆ. ಸಿಗ್ನಲ್ ಇರಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ದೇಸೂರ ಬಂದಾಗ ಸಿಗ್ನಲ್ ಹುಟ್ಟಿತು. ಫೋಟೋ ಇಲ್ಲ, ಬಣ್ಣ ಇಲ್ಲ, ಬರೀ ಅಕ್ಷರ. ಒಂದೇ ಕ್ಷಣಕ್ಕೆ ತೆರೆಯಿತು. ನಮ್ಮ ನಂತರ ಸೈಟ್ ವಹಿಸಿಕೊಂಡ ಹೊಸಬರು ಯಾರೂ ಅದನ್ನು ಮುಟ್ಟಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಅವರು ಕೆಲಸ ಬಿಟ್ಟ ದಿನ ಬರೆದ ಸಾಲುಗಳಿದ್ದವು.

'ಮೂಲ ಥೀಮ್ ಮುಟ್ಟಬಾರದು ಎಂದು ಹೊಸಬಳಿಗೆ ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ. ಆದ್ದರಿಂದ ತಪ್ಪು ನನ್ನದು.'

ಇದೇ ಗಾಡಿಯಲ್ಲಿ, ಇಂಥದೇ ಹಲಗೆಯ ಮೇಲೆ ಮುಷ್ಟಿಯಿಂದ ಮೊಳೆ ಹೊಡೆದು ತೋರಿಸಿದ್ದರು. ತಿಳಿಯಿತೋ ಇಲ್ಲವೋ ಎಂದು ಕೇಳಿದ್ದರು. ತಿಳಿಯಿತು ಎಂದಿದ್ದೆ. ಅವರು ಬರೆದಿಟ್ಟ ಅಷ್ಟು ಕಾರಣಗಳಲ್ಲಿ ಸುಳ್ಳು ಇದೊಂದೇ, ಅದೂ ನನಗಾಗಿ. ನಾನು ಅದನ್ನು ಓದಿದ್ದೇನೆ, ಓದಿಯೂ ಒಪ್ಪಿಕೊಂಡು ಸುಮ್ಮನಿದ್ದೇನೆ ಎಂದೇ ತಿಳಿದು ಅವರು ಹೋದರು. ಕೆಳಗೆ ನನ್ನದೊಂದು ಸಾಲು ಬಂದಿದೆಯೇ ಎಂದು ಆ ಒಡಕು ಗಾಜಿನಲ್ಲಿ ಎಷ್ಟು ಸಲ ನೋಡಿದರೋ.

ನಿಲಯದ ಸರ್ವರಿನ ಹಳೇ ಗುಪ್ತಪದ ಇನ್ನೂ ನಡೆಯುತ್ತಿತ್ತು. ಅದನ್ನು ಬದಲಿಸಬೇಕೆಂದು ಹೊಸಬರಿಗೆ ಹೇಳುವವರು ಯಾರೂ ಇರಲಿಲ್ಲ. ಫೈಲ್ ತೆರೆದು ಅವರ ಸಾಲಿನ ಕೆಳಗೆ ಬರೆದೆ: 'ಒಪ್ಪುವುದಿಲ್ಲ. ಯಾಕೆ ಎಂದೂ ಹೇಳಿದ್ದರು. ತಿಳಿದೂ ಮಾಡಿದೆ. ತಪ್ಪು ನನ್ನದು.' ಅದರ ಕೆಳಗೆ ನನ್ನ ಹೆಸರು ಹಾಕಿದೆ. ಕಣ್ಣು ಮಂಜಾಗಿ ಅಕ್ಷರ ಎರಡೆರಡು ಸಲ ತಪ್ಪಿದವು, ತಿದ್ದಿದೆ. ಉಳಿಸುವ ಬಟನ್ ಒತ್ತಿದೆ, ಸಾಲು ಉಳಿಯಿತು.

ಅಷ್ಟೊತ್ತಿಗೆ ಗಾಡಿ ದೇಸೂರ ದಾಟಿಹೋಗಿತ್ತು.